ದೋಷ ಕಂಡುಬಂದಿಲ್ಲ

ಇಂದ:
ಹಿರಿಯ ಎಕ್ಸ್‌ರೇ ತಂತ್ರಜ್ಞೆ,
ನೆಲಮಾಳಿಗೆ, ಮೆಟ್ಟಿಲಿಳಿದು ಎಡಕ್ಕೆ ಮೂರನೇ ಬಾಗಿಲು (ಮೇಲೆ ಕೆಂಪು ದೀಪ ಇರುವುದು),
ಆಸ್ಪತ್ರೆಯ ಮುಖ್ಯ ಕಟ್ಟಡ.

ಗೆ:
ಮಾನ್ಯ ಆಡಳಿತಾಧಿಕಾರಿಗಳು
(ಖರೀದಿ ಮತ್ತು ವರ್ಗಾವಣೆ, ಎರಡೂ),
ಎರಡನೇ ಮಹಡಿ.

ಮೂಲಕ:
ಜಾಲ ನಿರ್ವಹಣಾ ವಿಭಾಗದ ಮುಖ್ಯಸ್ಥರು
(ಅರ್ಜಿದಾರಳ ಪತಿ),
ನೆಲಮಾಳಿಗೆ, ಬಲಕ್ಕೆ ಮೊದಲ ಬಾಗಿಲು.

ವಿಷಯ: ಹೊಸ ಸ್ವಿಚ್ ಮಾಡ್ಯೂಲ್‌ನ ಸೌಲಭ್ಯಗಳು ಮತ್ತು ಅದು ಪಾಲಿಸುವ ಮಾನದಂಡಗಳ ಬಗ್ಗೆ ತೃಪ್ತಿಪತ್ರ ನೀಡುವುದು, ಹಾಗೂ ಅರ್ಜಿದಾರಳ ವರ್ಗಾವಣೆ ಆದೇಶವನ್ನು ಏನು ಮಾಡಬೇಕೆಂಬುದು.

ಉಲ್ಲೇಖ:
1. ಪ್ರತಿಯೊಂದು ವಿಭಾಗವೂ ಹೊಸ ಮಾಡ್ಯೂಲ್ ಬಗ್ಗೆ ತೃಪ್ತಿಪತ್ರ ಕೊಡತಕ್ಕದ್ದೆಂಬ ತಮ್ಮ ಸುತ್ತೋಲೆ.
2. ಅರ್ಜಿದಾರಳು ತಾನೇ ಕೋರಿ ಪಡೆದ ವರ್ಗಾವಣೆ ಆದೇಶ (ಮುಂದಿನ ತಿಂಗಳಿನಿಂದ ಜಾರಿ).
3. ಅರ್ಜಿದಾರಳು ಈವರೆಗೆ ಕೊಟ್ಟ ದೂರುಗಳು, ಮತ್ತು ಅವುಗಳ ಮೇಲೆ ಬರೆದ "ದೋಷ ಕಂಡುಬಂದಿಲ್ಲ" ಎಂಬ ಷರಾ.
4. ಮದುವೆಯ ದಿನ ಇಬ್ಬರೂ ಕೊಟ್ಟುಕೊಂಡ ಮಾತು (ಲಿಖಿತ ದಾಖಲೆ ಇಲ್ಲ).

ಮಾನ್ಯರೇ,

"ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಶುರು ಮಾಡುವುದು ವಾಡಿಕೆ. ಅರ್ಜಿದಾರಳ ಬಳಿ ಇದ್ದ ವಿನಯವೆಲ್ಲ ಉಲ್ಲೇಖ 3ರ ದೂರುಗಳಲ್ಲೇ ಖರ್ಚಾಗಿ ಹೋಗಿರುವುದರಿಂದ ಈ ಸಲ ಬರೀ ಅರಿಕೆ.

ಎರಡು ವಿಷಯಕ್ಕೆ ಎರಡು ಅರ್ಜಿ ಬರೆಯಬೇಕೆಂಬ ನಿಯಮ ಆಕೆಗೆ ಗೊತ್ತಿಲ್ಲವೆಂದಲ್ಲ. ತಮ್ಮ ಕಚೇರಿಯ ಗುಮಾಸ್ತರು, "ಏನ್ ಮೇಡಂ, ಸ್ವಿಚ್ಚಿಗೂ ಟ್ರಾನ್ಸ್‌ಫರಿಗೂ ಎಲ್ಲಿಂದೆಲ್ಲಿಯ ಸಂಬಂಧ? ಬೇರೆ ಬೇರೆ ಬರ್ಕೊಂಡು ಬನ್ನಿ" ಎಂದು ಒಮ್ಮೆ ವಾಪಸ್ ಕಳಿಸಿಯೂ ಆಗಿದೆ. ಸಂಬಂಧ ಇದೆ. ಆದ್ದರಿಂದ ತಾವು ದಯವಿಟ್ಟು ಕೊನೆಯವರೆಗೆ ಓದಬೇಕು, ಮಧ್ಯದಲ್ಲಿ ಪೆನ್ನು ಎತ್ತಬಾರದು.

1. ಸ್ವಿಚ್ ಎಂದರೆ ಆಸ್ಪತ್ರೆಯ ಅಷ್ಟೂ ಕೋಣೆಗಳ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆ. ಯಾವ ಕೋಣೆಯ ಮಾತು ಯಾವ ಕೋಣೆಗೆ ಹೋಗಬೇಕೋ ಅಲ್ಲಿಗೆ ಮಾತ್ರ ತಲುಪಿಸುವುದು ಅದರ ಕೆಲಸ. ಮಾಡ್ಯೂಲ್ ಎಂದರೆ ಆ ಪೆಟ್ಟಿಗೆಯೊಳಕ್ಕೆ ಮೇಜಿನ ಖಾನೆಯ ಹಾಗೆ ಜಾರಿಸಿ ಕೂರಿಸುವ ಹಲಗೆ. ಅದರ ಮುಖದ ತುಂಬ ಸಾಲಾಗಿ ಕೇಬಲ್ ಚುಚ್ಚುವ ಪೋರ್ಟುಗಳು, ಒಂದೊಂದು ಪೋರ್ಟಿಗೂ ಒಂದೊಂದು ಪುಟ್ಟ ಹಸಿರು ದೀಪ. ಖರೀದಿಗೆ ತಾವೇ ಸಹಿ ಹಾಕಿರುವ ಕಾರಣ ಇದೆಲ್ಲ ತಮಗೆ ತಿಳಿದೇ ಇದೆಯೆಂದು ಭಾವಿಸಲಾಗಿದೆ. ಸದರಿ ಪೆಟ್ಟಿಗೆ ಇರುವುದು ನೆಲಮಾಳಿಗೆಯ ಬಲಬದಿಯ ಕೋಣೆಯಲ್ಲಿ. ಅಲ್ಲಿ ಸದಾ ತಂಪು, ಸದಾ ಫ್ಯಾನಿನ ಗುಂಯ್ ಸದ್ದು, ಸದಾ ಅರ್ಜಿದಾರಳ ಪತಿ.

2. ಸದರಿ ಪತಿ ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ದಾಖಲಿಸುವುದು ಅಗತ್ಯ, ಯಾಕೆಂದರೆ ಮುಂದೆ ಓದುತ್ತ ಹೋದಂತೆ ತಮಗೆ ಅನುಮಾನ ಬರಬಹುದು. ಕುಡಿತವಿಲ್ಲ, ಇಸ್ಪೀಟಿಲ್ಲ, ಕೈಯೆತ್ತಿದವರಲ್ಲ, ದನಿಯೆತ್ತಿದವರಲ್ಲ. ಯಾರು ಕರೆದರೂ ಓಡುತ್ತಾರೆ. ಓಡಿಹೋಗಿ, ಬಗ್ಗಿ, ದೀಪ ನೋಡಿ, "ಲೈಟ್ ಹತ್ತಿದೆಯಲ್ಲ!" ಎಂದು ಹೇಳಿ ಬರುತ್ತಾರೆ. ಆದಕಾರಣ ಸಿಬ್ಬಂದಿ ಅವರಿಗೆ 'ಹಸಿರು ದೀಪ' ಎಂದು ಹೆಸರಿಟ್ಟಿದ್ದಾರೆ. ದೀಪದ ಬುಡ ಕತ್ತಲೆ ಎಂಬುದು ಅದೇ ಸಿಬ್ಬಂದಿ ಅರ್ಜಿದಾರಳನ್ನು ಕಂಡಾಗ ಹೇಳುವ ಮಾತು.

ಅವರಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಒಂದು ಪಾಠ ಹೇಳಿಕೊಟ್ಟಿದ್ದರಂತೆ: "ಎರಡು ಯಂತ್ರ ತಾವೇ ಮಾತಾಡ್ಕೊಂಡು ತೀರ್ಮಾನ ಮಾಡ್ಲಿ ಅಂತ ಬಿಡಬೇಡಪ್ಪಾ. ಎಡವಟ್ಟಾಗುತ್ತೆ. ಯಾವ ವೇಗ, ಯಾರು ಯಾವಾಗ ಮಾತಾಡ್ಬೇಕು ಅನ್ನೋದನ್ನ ನೀನೇ ಗಟ್ಟಿಯಾಗಿ ಹೇಳ್ಬಿಡು." ಆ ಕಾಲದ ಯಂತ್ರಗಳು ನಿಜಕ್ಕೂ ಹಾಗೇ ಜಗಳವಾಡುತ್ತಿದ್ದವಂತೆ, ಹಾಗಾಗಿ ಮೇಸ್ತ್ರಿಯದು ತಪ್ಪಲ್ಲ. ಆದರೆ ಯಂತ್ರಗಳು ಬುದ್ಧಿ ಕಲಿತವು, ಶಿಷ್ಯರು ಪಾಠ ಮರೆಯಲಿಲ್ಲ. ಇಂದಿಗೂ ಪ್ರತಿಯೊಂದು ಪೋರ್ಟಿನ ವೇಗವನ್ನೂ ಸರದಿಯನ್ನೂ ತಮ್ಮ ಕೈಯಾರೆ ಗಂಟು ಹಾಕಿ ಕೂರಿಸುತ್ತಾರೆ. ಮನೆಯಲ್ಲೂ ಮಂಚ ಯಾವ ಗೋಡೆಗೆ, ಕಿಟಕಿ ಎಷ್ಟು ಹೊತ್ತಿಗೆ ಮುಚ್ಚಬೇಕು, ಯಾವ ನೆಂಟರ ಮನೆಗೆ ಎಷ್ಟು ಹೊತ್ತು ಹೋಗಬೇಕು, ಎಲ್ಲ ಗಂಟು ಹಾಕಿಯೇ ಇದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ತಾವೂ ಕಂಡಿರಬಹುದು. ಇವರು ಮೊಲವನ್ನು ತೋರಿಸುವುದೂ ಇಲ್ಲ.

3. ಅರ್ಜಿದಾರಳ ದೂರು ಏನಿತ್ತೆಂದರೆ, ಆಕೆಯ ಕೋಣೆಯಿಂದ ಸಣ್ಣ ಮಾತೆಲ್ಲ ಸಲೀಸಾಗಿ ಹೋಗುತ್ತಿತ್ತು. ರೋಗಿಯ ಹೆಸರು ಹೋಗುತ್ತಿತ್ತು, ವಯಸ್ಸು ಹೋಗುತ್ತಿತ್ತು, ಬಿಲ್ಲಂತೂ ಹಾರಿಕೊಂಡು ಹೋಗುತ್ತಿತ್ತು. ಹೋಗದೇ ಇದ್ದದ್ದು ಪಟ. ಎದೆಯ ಪಟ ತೂಕದ ಸರಕು. ಹೊರಡುವುದು, ನಿಲ್ಲುವುದು, ಮತ್ತೆ ಹೊರಡುವುದು. ಮೇಲಿನ ಮಹಡಿಯ ಶ್ವಾಸಕೋಶದ ಡಾಕ್ಟರು ಫೋನು ಮಾಡಿ, "ಏನಮ್ಮಾ, ಪಟ ಮೆಟ್ಟಿಲು ಹತ್ಕೊಂಡು ಬರ್ತಾ ಇದೆಯಾ?" ಎಂದು ಕೇಳುವರು. ಕೊನೆಗೆ ಪಟ ಹಿಡಿದು ಮೆಟ್ಟಿಲು ಹತ್ತುವುದು ಅರ್ಜಿದಾರಳೇ.

ಪತಿ ಬಂದು ಪರೀಕ್ಷೆ ಮಾಡುತ್ತಿದ್ದರು. ಅವರ ಪರೀಕ್ಷೆಯೆಂದರೆ ಚಿಟಿಕೆಯಷ್ಟು ಮಾತನ್ನು ಕಳಿಸಿ ಅದು ವಾಪಸ್ ಬರುತ್ತದೆಯೇ ಎಂದು ನೋಡುವುದು. "ನೋಡು, ಹೋಯ್ತು. ಬಂತು. ನನ್ನ ಲೈನು ಕನ್ನಡಿ ಹಾಗಿದೆ. ನಿನ್ನ ಮೆಷಿನ್ನೇ ಸರಿಯಿಲ್ಲ." ಷರಾ: ದೋಷ ಕಂಡುಬಂದಿಲ್ಲ.

ಮನೆಯಲ್ಲೂ ಚಿಟಿಕೆ ಮಾತಿಗೆ ಎಂದೂ ಕೊರತೆಯಾಗಿಲ್ಲ. "ಗ್ಯಾಸ್ ಮುಗೀತು." "ತರ್ತೀನಿ." "ಬೀಗ?" "ಮೊಳೆಗೆ ಹಾಕಿದೀನಿ." ತೂಕದ ಮಾತು ಎತ್ತಿದರೆ ಮಾತ್ರ ಕಥೆಯೇ ಬೇರೆ. ಆಕೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಅವರದೂ ತೆರೆಯುತ್ತದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದೆಂದು ತಾಯಿಯಿಂದ ತಲೆಗೆ ಮೊಟಕಿಸಿಕೊಂಡು ಬೆಳೆದವಳಾದ ಕಾರಣ ಆಕೆ ನಿಲ್ಲಿಸುತ್ತಾಳೆ. ಕಾಯುತ್ತಾಳೆ. ಅವರು ಮುಗಿಸಿದರೆಂದು ಮತ್ತೆ ಶುರು ಮಾಡಿದರೆ ಅವರಿಗೂ ಆಗಲೇ ಇನ್ನೊಂದು ನೆನಪಾಗಿರುತ್ತದೆ. ಒಮ್ಮೆ ರೋಸಿಹೋಗಿ, "ರೀ, ನಾವು ಮಾತೇ ಆಡಲ್ಲ ಅಲ್ವಾ?" ಎಂದಳು. "ಅಯ್ಯೋ, ದಿನಾ ಆಡ್ತಾನೇ ಇದೀವಲ್ಲೇ! ಈಗ ಆಡ್ತಿರೋದು ಏನು ಮತ್ತೆ?" ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

4. ಕಳೆದ ವರ್ಷ ಅರ್ಜಿದಾರಳ ತಾಯಿಗೆ ಬಿಡದ ಕೆಮ್ಮು ಹಿಡಿಯಿತು. "ನೀನೇ ತೆಗಿ ಕಣೇ, ಬೇರೆಯವರ ಕೈ ತಣ್ಣಗಿರುತ್ತೆ" ಎಂದು ಹಟ ಮಾಡಿ ಅವರು ಮಗಳ ಕೋಣೆಗೇ ಬಂದರು. ಅವರ ಎದೆಯನ್ನು ಹಲಗೆಗೆ ಒತ್ತಿ ನಿಲ್ಲಿಸಿ, ಆಕೆ ಎಲ್ಲರಿಗೂ ಹೇಳುವುದನ್ನೇ ಹೇಳಿದಳು: "ಉಸಿರು ಎಳ್ಕೋ ಅಮ್ಮ. ಹಾಗೇ ಹಿಡ್ಕೋ." ಪಟ ಪರದೆಯ ಮೇಲೆ ಬಂತು. ಅರ್ಧ ಆಯುಷ್ಯವನ್ನು ಎದೆಯ ಪಟಗಳ ಮುಂದೆ ಕಳೆದ ಕಣ್ಣಿಗೆ ಡಾಕ್ಟರು ಹೇಳಿ ತಿಳಿಯಬೇಕಾದದ್ದು ಏನೂ ಇರಲಿಲ್ಲ. ಆ ಗಾಬರಿಯಲ್ಲಿ "ಈಗ ಬಿಡು" ಎನ್ನುವುದನ್ನೇ ಆಕೆ ಮರೆತಳು. ತಾಯಿ ಹಿಡಿದಷ್ಟು ಹಿಡಿದು, ಕೆಮ್ಮಿ, ತಾವೇ ಬಿಟ್ಟರು.

ಪಟದಲ್ಲಿ ಏನಿದೆಯೆಂದು ತಂತ್ರಜ್ಞರು ರೋಗಿಗೆ ಹೇಳಕೂಡದೆಂಬುದು ತಮ್ಮದೇ ನಿಯಮ. ಹೊರಗೆ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ತಾಯಿ, "ಏನಾದ್ರೂ ಇದೆಯೇನೇ?" ಎಂದು ಕೇಳಿದರು. "ಡಾಕ್ಟ್ರು ಹೇಳ್ತಾರಮ್ಮ" ಎಂದಾಯಿತು. ಪಟವೋ, ಮೇಲಕ್ಕೆ ಹೋಗುತ್ತಲೇ ಇಲ್ಲ. ಆಕೆ ಪತಿಯ ಕೋಣೆಗೆ ಫೋನು ಮಾಡಿ, "ರೀ, ಸ್ವಲ್ಪ ಬನ್ನಿ" ಎಂದಳು. ಬಂದರು. ಪರದೆಯ ಮೇಲೆ ಕಿಟಕಿಯಷ್ಟು ದೊಡ್ಡದಾಗಿ ಅತ್ತೆಯ ಎದೆ. ಅವರು ಮೇಜಿನ ಕೆಳಗೆ ಬಗ್ಗಿ ದೀಪ ನೋಡಿದರು. "ಲೈಟ್ ಹತ್ತಿದೆಯಲ್ಲ!" ಎಂದು ಕೈ ಒರೆಸಿಕೊಂಡರು, ಹೊರಗೆ ಹೋಗುತ್ತ "ಏನತ್ತೆ, ಚೆನ್ನಾಗಿದ್ದೀರಾ?" ಎಂದು ನಕ್ಕರು, ಹೋದರು. ಪರದೆಯ ಕಡೆ ತಲೆಯೆತ್ತಲಿಲ್ಲ.

ಅಂದು ಆಕೆ ಅವರನ್ನು ಕರೆದದ್ದು ಕೇಬಲ್ಲಿಗಾಗಿ ಅಲ್ಲ ಎಂಬುದನ್ನು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

ಸಂಜೆ ಮನೆಯಲ್ಲಿ, "ರೀ, ಅಮ್ಮನ ಪಟ..." ಎಂದು ಶುರು ಮಾಡಿದಳು. "ಹೋಯ್ತಂತಲ್ಲ ಆಮೇಲೆ? ನಾನು ಹೇಳ್ಲಿಲ್ವಾ, ಲೈನ್ ಸರಿಯಿದೆ ಅಂತ!" ಎಂದರು. ತಾಯಿ ಆ ವರ್ಷ ದಾಟಲಿಲ್ಲ. ಆಸ್ಪತ್ರೆ, ಔಷಧಿ, ಆಮೇಲಿನ ಓಡಾಟ ಎಲ್ಲವನ್ನೂ ಅವರೇ ಹೆಗಲಿಗೆ ಹಾಕಿಕೊಂಡು ಮಾಡಿದರು, ಸ್ವಂತ ಮಗ ಇದ್ದಿದ್ದರೂ ಅಷ್ಟು ಮಾಡುತ್ತಿರಲಿಲ್ಲ. ಆದರೆ ಆಕೆ "ಅವತ್ತು ನಾನು..." ಎಂದು ಬಾಯಿ ತೆರೆದಾಗಲೆಲ್ಲ, "ಆಗಿದ್ದು ಆಗ್ಹೋಯ್ತು, ಮನಸ್ಸಿಗೆ ಹಚ್ಕೋಬೇಡ ಬಿಡು" ಎಂದು ಮುಗಿಸಿಬಿಡುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

5. ಆದ್ದರಿಂದ, ಮತ್ತು ಬೇರೆ ದಾರಿ ಕಾಣದ ಕಾರಣ, ಅರ್ಜಿದಾರಳು ದೂರದ ಶಾಖೆಗೆ ವರ್ಗಾವಣೆ ಕೋರಿದಳು. ಕಾರಣದ ಜಾಗದಲ್ಲಿ "ವೈಯಕ್ತಿಕ" ಎಂದು ಬರೆದಿದ್ದಳು. ಪತಿಗೆ ವಿಷಯ ತಿಳಿದದ್ದು ಸೂಚನಾ ಫಲಕದಿಂದ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಒಳ್ಳೇದೇ ಆಯ್ತು ಬಿಡು, ಆ ಶಾಖೇಲಿ ಹೊಸ ಮೆಷಿನ್ ಇದೆಯಂತೆ. ವಾರಕ್ಕೊಂದ್ಸಲ ಬಂದು ಹೋಗು" ಎಂದರು. ಅದನ್ನೂ ಅವರೇ ಗಂಟು ಹಾಕಿದರು. ಆಕೆ ಅಟ್ಟದಿಂದ ಪೆಟ್ಟಿಗೆ ಇಳಿಸಿ ಬಟ್ಟೆ ತುಂಬತೊಡಗಿದಳು.

6. ಈ ನಡುವೆ ಹೊಸ ಮಾಡ್ಯೂಲ್ ಬಂತು. ಜೋಡಿಸಲು ಕಂಪನಿಯಿಂದ ಒಬ್ಬಳು ಇಂಜಿನಿಯರ್ ಬಂದಿದ್ದಳು, ಮಾತು ಕಡಿಮೆ, ಕೈ ಚುರುಕು. ಅರ್ಜಿದಾರಳ ಪೋರ್ಟನ್ನು ಪತಿಯು ಎಂದಿನಂತೆ ತಾವೇ ಗಂಟು ಹಾಕಿ ಕೇಬಲ್ ಚುಚ್ಚಿದರು. ದೀಪ ಹತ್ತಲಿಲ್ಲ. ಕಿತ್ತು ಮತ್ತೆ ಚುಚ್ಚಿದರು. ಹತ್ತಲಿಲ್ಲ. ಅವರ ನೌಕರಿಯಲ್ಲೇ ಇಂಥದ್ದು ಮೊದಲು. ಲೈನು ಸತ್ತಿದೆಯೆಂದು ಹೇಳಲು ಬಂದ ಅರ್ಜಿದಾರಳು ಬಾಗಿಲಲ್ಲೇ ನಿಂತು ಮುಂದಿನದನ್ನು ಕಿವಿಯಾರೆ ಕೇಳಿದಳು.

"ಸರ್, ಈ ವೇಗದಲ್ಲಿ ಮಾತುಕತೆ ಆಗ್ದೆ ದೀಪನೇ ಹತ್ತಲ್ಲ. ಎರಡೂ ಕಡೆಯವ್ರು ಮೊದ್ಲು ಕೇಳ್ಕೊಂಡು ಒಪ್ಕೋಬೇಕು. ಕಡ್ಡಾಯ. ಹಳೇದ್ರಲ್ಲಿ ಇದನ್ನ ಹೇಗಿಟ್ಟಿದ್ರಿ?"

"ಕೈಯಲ್ಲೇ ಫಿಕ್ಸ್ ಮಾಡಿದ್ದೆ. ಎರಡೂ ಕಡೆಯವ್ರು ಒಟ್ಟಿಗೇ ಮಾತಾಡ್ಬಹುದು ಅಂತ. ಒಳ್ಳೇದಕ್ಕೇ ಅಲ್ವಾ?"

"ಆ ಕಡೆ?"

"ಆ ಕಡೆ ನಾನು ಮುಟ್ಟಿಲ್ಲ."

"ಹೀಗೆ ಫಿಕ್ಸ್ ಮಾಡಿದೀನಿ ಅಂತ ಆ ಕಡೆಯವ್ರಿಗೆ ಹೇಳಿದ್ರಾ?"

"ಆ ಕಡೆ ನನ್ನ ಹೆಂಡತಿ ರೂಮು."

ಇಂಜಿನಿಯರ್ ಕೇಬಲ್ ಕಿತ್ತಳು. "ಅದಕ್ಕೇ ಕೇಳಿದ್ದು ಸರ್" ಎಂದಳು. ಆಮೇಲೆ ಹೇಳಿದಳು: "ಹಳೇದ್ರಲ್ಲಿ ನೀವು ಒಂದು ಕಡೆ ಗಂಟು ಹಾಕಿದ್ರೆ ಈ ಕಡೆ ಉತ್ತರ ಕೊಡೋದು ನಿಲ್ಸುತ್ತೆ. ಆ ಕಡೆಯವ್ರು ಕೇಳಿ ಕೇಳಿ, ಉತ್ತರ ಬರ್ಲಿಲ್ಲ ಅಂತ, ಸರಿ, ಇವರು ಮಾತಾಡುವಾಗ ನಾನು ಸುಮ್ನಿರ್ಬೇಕೇನೋ ಅಂದ್ಕೋತಾರೆ. ನೀವು ಮಾತಾಡ್ತಾನೇ ಇರ್ತೀರಿ. ಅವ್ರು ನಿಲ್ಲಿಸ್ತಾನೇ ಇರ್ತಾರೆ. ಸಣ್ಣಪುಟ್ಟದ್ದು ನುಸುಳ್ಕೊಂಡು ಹೋಗುತ್ತೆ, ದೊಡ್ಡದು ಹೋಗಲ್ಲ. ಲೈಟ್ ಮಾತ್ರ ಹತ್ತೇ ಇರುತ್ತೆ ಸರ್."

ಪತಿಯು ಹಳೆಯ ಮಾಡ್ಯೂಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಬಾಗಿಲಲ್ಲಿದ್ದ ಅರ್ಜಿದಾರಳ ಕಡೆ ನೋಡಿದರು. ಆಕೆ ಏನೂ ಹೇಳಲಿಲ್ಲ. ಅಭ್ಯಾಸಬಲ.

7. ತೃಪ್ತಿಪತ್ರಕ್ಕೆ ಸಹಿ ಹಾಕುವ ಮುನ್ನ ಓದಿರತಕ್ಕದ್ದೆಂದು ತಾವು ಸುತ್ತೋಲೆಯಲ್ಲಿ ಹೇಳಿರುವುದರಿಂದ ಅರ್ಜಿದಾರಳು ಮಾಡ್ಯೂಲ್‌ನ ಕೈಪಿಡಿಯನ್ನೂ, ಅದರ ಹಿಂದಿನ ಮಾನದಂಡದ ಪುಟಗಳನ್ನೂ ಓದಿದ್ದಾಳೆ. ಆಸ್ಪತ್ರೆಯಲ್ಲಿ ಈ ಕೆಲಸ ಮಾಡಿದವಳು ತಾನೊಬ್ಬಳೇ ಎಂದು ಆಕೆಯ ಗುಮಾನಿ. ಅಭಿಪ್ರಾಯ ಹೀಗಿದೆ:

ಸುತ್ತು ತಡೆ. ಒಂದೇ ಸುದ್ದಿ ಸುತ್ತಿ ಸುತ್ತಿ ಜಾಲವನ್ನೇ ಮುಳುಗಿಸದಂತೆ ಮಾಡ್ಯೂಲ್ ತಾನೇ ಒಂದು ದಾರಿಯನ್ನು ಮುಚ್ಚುತ್ತದೆ. ಅತ್ಯುತ್ತಮ ಸೌಲಭ್ಯ. ಅರ್ಜಿದಾರಳು ನಾದಿನಿಗೆ ಗುಟ್ಟಾಗಿ ಹೇಳಿದ ವರ್ಗಾವಣೆಯ ಸುದ್ದಿ ಅತ್ತೆಯ ಬಳಿ ಹೋಗಿ, ಅಲ್ಲಿಂದ ಓರಗಿತ್ತಿಯ ಬಳಿ ಹೋಗಿ, "ನಿನಗೊಂದು ವಿಷಯ ಗೊತ್ತಾ?" ಎಂದು ಆಕೆಗೇ ವಾಪಸ್ ಬಂದಿತ್ತು. ಮನೆಗೂ ಒಂದು ಒದಗಿಸಬಹುದೇ ಎಂದು ಪ್ರತ್ಯೇಕವಾಗಿ ಕೇಳಲಾಗುವುದು.

ಕೇಬಲ್ಲಿನಲ್ಲೇ ವಿದ್ಯುತ್. ಎದುರಿನವರಿಗೆ ಬಲ ಬೇಕಿದ್ದರೆ ಮಾಡ್ಯೂಲ್ ಕೊಡುತ್ತದೆ. ಒಮ್ಮೆಗೇ ಸುರಿಯುವುದಿಲ್ಲ. ಮೊದಲು ಸಣ್ಣಗೆ ಮುಟ್ಟಿ, ನಿನಗೆ ಬೇಕಾ ಎಂದು ಕೇಳಿ, ಹೌದೆಂದರೆ ಮಾತ್ರ ಕೊಡುತ್ತದೆ. ಇದನ್ನು ಆಕೆ ಎರಡು ಸಲ ಓದಿದಳು.

ಮಾತಿನ ಸರದಿ. ಮಾತು ಮಾತಿಗೆ ಡಿಕ್ಕಿ ಹೊಡೆದರೆ ನಿಲ್ಲಿಸಿ, ಕಾದು, ಮತ್ತೆ ಶುರು ಮಾಡಬೇಕು. ಡಿಕ್ಕಿ ಹೆಚ್ಚಿದಂತೆ ಕಾಯುವ ಹೊತ್ತೂ ಹೆಚ್ಚಬೇಕು. ಹದಿನಾರು ಸಲ ಯತ್ನಿಸಿಯೂ ಆಗದಿದ್ದಲ್ಲಿ ಆ ಮಾತನ್ನು ಕೈಬಿಡತಕ್ಕದ್ದು. ಮಾನದಂಡ ಬರೆದವರು ಯಾರೋ ಏನೋ, ಮದುವೆಯಾದವರೇ ಇರಬೇಕು.

8. ಮಾಡ್ಯೂಲ್ ಜೋಡಿಸಿದ ದಿನ ಸಂಜೆ ಪತಿಯು ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಮಾತಿಲ್ಲ. ಅರ್ಜಿದಾರಳಿಗೆ ಭಯವಾಯಿತು. "ಏನ್ರೀ, ಹುಷಾರಿಲ್ವಾ?"

"ಇದೀನಿ. ನೀನು ಹೇಳು."

"ಏನು ಹೇಳ್ಲಿ?"

"ಅವತ್ತು ಏನೋ ಹೇಳೋಕೆ ಬಂದಿದ್ಯಲ್ಲ. ಅಮ್ಮನ ಪಟದ ದಿನ."

ಆಕೆ ನಂಬಲಿಲ್ಲ. ಮೊದಲು ಚಿಟಿಕೆಯಷ್ಟು ಕಳಿಸಿ ನೋಡಿದಳು. "ಅವತ್ತು ನಾನು ಡಾಕ್ಟ್ರಿಗಿಂತ ಮುಂಚೆನೇ ನೋಡ್ಬಿಟ್ಟೆ ರೀ." ಅವರ ಬಾಯಿ ತೆರೆಯಿತು. ಅವರು ತಮ್ಮ ಕೈಯಿಂದಲೇ ಅದನ್ನು ಮುಚ್ಚಿಕೊಂಡರು. ಒಲೆಯ ಮೇಲೆ ಹಾಲು ಉಕ್ಕಿತು, ಇಬ್ಬರೂ ಏಳಲಿಲ್ಲ. ಆಮೇಲೆ ಆಕೆ ಎಲ್ಲ ಹೇಳಿದಳು. ಕಂಡದ್ದು, ಬೆಂಚಿನ ಮೇಲೆ ಕೂತ ತಾಯಿಯಿಂದ ಅದನ್ನು ಮುಚ್ಚಿಟ್ಟದ್ದು, ಅವರನ್ನು ಫೋನು ಮಾಡಿ ಕರೆದದ್ದು ಏಕೆಂಬುದು, ಅವರು ತಲೆಯೆತ್ತದೆ ಹೋದದ್ದು. "ನೀವೊಂದ್ಸಲ ತಲೆಯೆತ್ತಿದ್ರೆ ಸಾಕಿತ್ತು. ನಾನೊಬ್ಳೇ ನೋಡ್ಬೇಕಾಯ್ತು" ಎಂದಳು. ಅವರು ಒಂದೇ ಒಂದು ಪ್ರಶ್ನೆ ಕೇಳಿದರು, ಅದೂ ಆಕೆ ಮುಗಿಸಿ ಎಷ್ಟೋ ಹೊತ್ತಾದ ಮೇಲೆ.

"ಅಮ್ಮನಿಗೆ ಏನು ಹೇಳ್ದೆ, ಒಳಗೆ?"

"ಉಸಿರು ಹಿಡ್ಕೋ ಅಂದೆ. ಬಿಡು ಅನ್ನೋದು ಮರ್ತೆ."

ಆಗಿದ್ದು ಆಗ್ಹೋಯ್ತು ಎಂದು ಅವರು ಹೇಳಲಿಲ್ಲ. ಅವರ ಕಣ್ಣಿಂದ ನೀರು ಬಂತು. ಇದು ಈರುಳ್ಳಿಯ ಕಾರಣದಿಂದಲ್ಲವೆಂದು ಸ್ಥಳದಲ್ಲೇ ದೃಢಪಡಿಸಿಕೊಳ್ಳಲಾಗಿದೆ. ನಂತರ ಅವರು ಎದ್ದು, ಆಕೆಯ ಪೆಟ್ಟಿಗೆಯ ಅಡಿಯಲ್ಲಿ ಬಟ್ಟೆಗಳ ಕೆಳಗೆ ಇಟ್ಟಿದ್ದ ಪಟವನ್ನು ಕೇಳಿ ತೆಗೆಸಿಕೊಂಡು, ಟ್ಯೂಬ್‌ಲೈಟಿಗೆ ಹಿಡಿದು, ತಲೆಯೆತ್ತಿ ನೋಡಿದರು.

9. ಮರುದಿನ ಬೆಳಿಗ್ಗೆ ಆಕೆ ಛತ್ರಿ ಎಲ್ಲಿ ಎಂದು ಕೇಳಿ ಮುಗಿಸುವ ಮೊದಲೇ ಅವರು ಮಳೆ ಬರುವುದಿಲ್ಲವೆಂದು ತೀರ್ಪು ಕೊಟ್ಟರು. ಕೂಡಲೇ ನಾಲಿಗೆ ಕಚ್ಚಿಕೊಂಡು, "ಹೇಳು, ಹೇಳು" ಎಂದರು. ಸತ್ಯಕ್ಕೆ ಚ್ಯುತಿ ಬಾರದಿರಲೆಂದು ಇದನ್ನೂ ದಾಖಲಿಸಲಾಗಿದೆ.

ಮೇಲ್ಕಂಡ ಎಲ್ಲ ಕಾರಣಗಳಿಂದ ಅರ್ಜಿದಾರಳ ಕೋರಿಕೆಗಳು:

(ಅ) ಹೊಸ ಮಾಡ್ಯೂಲ್ ಎರಡೂ ಕಡೆಯವರನ್ನು ಕೇಳಿಕೊಂಡು ಕೆಲಸ ಮಾಡುತ್ತದೆ. ಗಂಟು ಬಿಚ್ಚಿದ ಮೇಲೆ ದೀಪ ಹತ್ತಿ, ಪಟ ಈಗ ಹೆಸರಿನಷ್ಟೇ ಬೇಗ ಹೋಗುತ್ತಿದೆ. ಆದ್ದರಿಂದ ತೃಪ್ತಿಪತ್ರವನ್ನು ಸ್ವೀಕರಿಸುವುದು.

(ಆ) ವರ್ಗಾವಣೆ ಆದೇಶವನ್ನು ರದ್ದು ಮಾಡಬಾರದು. ಜಾರಿಯೂ ಮಾಡಬಾರದು. ಹೊಸ ಮಾಡ್ಯೂಲ್‌ಗೆ ತಾವು ಕೊಟ್ಟಿರುವ ಪರಿವೀಕ್ಷಣಾ ಅವಧಿ ಮುಗಿಯುವವರೆಗೆ ಅದನ್ನು ತಮ್ಮ ಮೇಜಿನ ಖಾನೆಯಲ್ಲೇ ಇಟ್ಟಿರಬೇಕು. ಹಳೆಯ ಮಾಡ್ಯೂಲೂ ಮೊದಲ ದಿನ ಚೆನ್ನಾಗಿಯೇ ಇತ್ತು.

(ಇ) ಜಾಲಕ್ಕೆ ಸಂಬಂಧಿಸಿದ ಯಾವುದೇ ಅರ್ಜಿ ಜಾಲ ವಿಭಾಗದ ಮುಖ್ಯಸ್ಥರ ಮೂಲಕವೇ, ಅವರ ಷರಾದೊಂದಿಗೇ ಬರತಕ್ಕದ್ದೆಂಬ ನಿಯಮವನ್ನು ಅರ್ಜಿದಾರಳು ಈವರೆಗೆ ಶಪಿಸುತ್ತಿದ್ದಳು. ಈ ಸಲ ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಕೋರುತ್ತಾಳೆ. ಷರಾಕ್ಕೆಂದು ಕೆಳಗೆ ಜಾಗ ಬಿಟ್ಟಿದೆ. ಅದು ಖಾಲಿಯಿದ್ದಲ್ಲಿ, ಅಥವಾ ಅಲ್ಲಿ ಎಂದಿನ ಸಾಲೇ ಇದ್ದಲ್ಲಿ, (ಆ)ದಲ್ಲಿ ಹೇಳಿದ್ದನ್ನೆಲ್ಲ ಬಿಟ್ಟು ಆದೇಶವನ್ನು ಅಂದೇ ಜಾರಿ ಮಾಡುವುದು. ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ.

ಸದ್ಯಕ್ಕೆ ಇದೇ ಕಟ್ಟಡದ,
ತಮ್ಮ ವಿಶ್ವಾಸಿ,
(ಸಹಿ)
ಹಿರಿಯ ಎಕ್ಸ್‌ರೇ ತಂತ್ರಜ್ಞೆ

ಲಗತ್ತುಗಳು:
1. ತೃಪ್ತಿಪತ್ರ, ಸಹಿಯೊಂದಿಗೆ.
2. ವರ್ಗಾವಣೆ ಆದೇಶದ ಮೂಲಪ್ರತಿ.
3. ಮಾನದಂಡದ ಒಂದು ಪುಟ (ಮಾತುಕತೆ ಕಡ್ಡಾಯವೆಂಬ ಭಾಗಕ್ಕೆ ಗೆರೆ ಎಳೆದಿದೆ).
4. ತಾಯಿಯವರ ಎದೆಯ ಪಟ. ಲಗತ್ತಿಸಿಲ್ಲ. ಮನೆಯಲ್ಲಿದೆ.

ಮುಖ್ಯಸ್ಥರ ಷರಾ:

ಪೂರ್ತಿ ಓದಿದ್ದೇನೆ. ದೋಷ ಕಂಡುಬಂದಿದೆ. ಅರ್ಜಿದಾರಳ ಕಡೆಯಲ್ಲಲ್ಲ. ಪೆಟ್ಟಿಗೆ ಬಿಚ್ಚುವ ವಿಷಯದಲ್ಲಿ ನಾನು ಏನೂ ತೀರ್ಮಾನಿಸಿಲ್ಲ, ಅವಳು ಹೇಳಿದ ಮೇಲೆ ಅಟ್ಟಕ್ಕೆ ಏರಿಸಿ ಕೊಡುತ್ತೇನೆ. ಶಿಫಾರಸಿನೊಂದಿಗೆ ಸಲ್ಲಿಸಿದೆ.